ತೊಟ್ಟಿಲಲ್ಲಿ ಬೂಟು

ಆಳಂದದ ಚಪ್ಪಲಿ ಅಂಗಡಿಯ ಶಾಂತಲಿಂಗಪ್ಪನವರು ತಾವು ಹೊಸದಾಗಿ ಹೊಲಿಸಿದ ಮಕ್ಕಳ ಬೂಟಿಗೆ ಏನು ಹೆಸರಿಡಲಿ ಎಂದು ಬಂದಬಂದ ಗಿರಾಕಿಗಳನ್ನೆಲ್ಲ ಕೇಳುತ್ತಾರೆ, ಹೇಳಿದ್ದಕ್ಕೆಲ್ಲ ಕೊಂಕು ತೆಗೆಯುತ್ತಾರೆ. ನರೋಣಾದ ಮಾಸ್ತರು ‘ಜಿಂಕೆ’ ಅಂದರೆ, “ಕೂಸು ಓಡಿಹೋದ್ರ ಹಿಡಿಯೋರು ಯಾರ್ರಿ?” ಎನ್ನುತ್ತಾರೆ. ಮಾಸ್ತರ ಹೆಂಡತಿ ‘ಮಲ್ಲಿಗೆ’ ಅಂದರೆ, “ಸಾಕ್ಸ್ ಬಿಚ್ಚಿದ ಕೂಡ್ಲೇ ಸುಳ್ಳಾಗ್ತದ್ರಿ!” ಯಾರೋ ‘ಸಿಂಹ’ ಅಂದರೆ, “ಅದು ಬೂಟ್ ಹಾಕ್ಕೊಂಡಿದ್ದು ಯಾರು ನೋಡ್ಯಾರ್ರಿ?” ಕಡೆಗೊಂದು ದಿನ, ಹೆಸರಿಡುವುದು ಸೋದರತ್ತೆಯ ಹಕ್ಕೆಂದು ಮಣ್ಣೂರಿನಿಂದ ತಂಗಿ ಸುಭದ್ರಾಬಾಯಿಯನ್ನು ಕರೆಸಿ, ಅಂಗಡಿಯ ನಡುವೆ ತೊಟ್ಟಿಲು ಕಟ್ಟಿ, ಒಂದು ಜೊತೆ ಬೂಟಿಗೆ ಕುಂಚಿಗೆ ತೊಡಿಸಿ ಮಲಗಿಸಿಯೇಬಿಟ್ಟರು. “ಅಣ್ಣಾ, ತೊಟ್ಟಿಲದಾಗ ಯಾರರ ಬೂಟ್ ಇಡ್ತಾರೇನು?” ಎಂದು ತಂಗಿ ಹಣೆ ಚಚ್ಚಿಕೊಂಡರೆ, ಇವರು, “ಇನ್ನಾ ನೆಲಕ್ಕ ಕಾಲೇ ಇಟ್ಟಿಲ್ಲವ್ವಾ, ಎಳೀ ಕೂಸದು!” ಅಂದರು. ನಕ್ಕು ನಕ್ಕು ಸುಸ್ತಾದ ತಂಗಿ ಕಣ್ಣೊರೆಸಿಕೊಂಡು ಬಾಗಿ, ಅಣ್ಣನಿಗೆ ಹುಟ್ಟದೇ ಹೋದ ಮಗನಿಗೆಂದು ಅಣ್ಣನ ಮದುವೆಯ ದಿನದಿಂದ ಕಾದಿಟ್ಟುಕೊಂಡಿದ್ದ ಹೆಸರನ್ನು ಬೂಟಿನೊಳಗೆ ಉಸುರಿದರು: “ಪ್ರದೀಪ.” ಮಕ್ಕಳ ಬೂಟಿಗೆ ಪ್ರದೀಪನೇ ಎಂದು ಗಿರಾಕಿಗಳೆಲ್ಲ ಗೊಳ್ಳೆಂದರು. ಕೊಂಕಿಲ್ಲದೆ ಯಾವ ಹೆಸರನ್ನೂ ಬಿಡದ ಶಾಂತಲಿಂಗಪ್ಪನವರು ಮಾತ್ರ ತೊಟ್ಟಿಲು ತೂಗುತ್ತ ನಿಂತರು.