ಅಮ್ಮಯಮ್ಮನ ತರಕಾರಿ ಚೀಟಿ

ಬೆಳಿಗ್ಗೆ ಆರೂಕಾಲು. ಜಡಿಗೇನಹಳ್ಳಿ ಹೋಬಳಿಯ ಒಂದು ಹಳ್ಳಿಯ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದವರ ಸಾಲು. ಹಾಲಿಲ್ಲದೆ ಬಂದವರು ಇಬ್ಬರೇ, ನಾನು ಮತ್ತು ಐವತ್ತೆಂಟರ ಅಮ್ಮಯಮ್ಮ. ಅವರು ಸಾಲಿನುದ್ದಕ್ಕೂ ಮಾತಾಡಿಸಿಕೊಂಡು ಹೋಗುತ್ತಾರೆ. ಒಬ್ಬರ ಮಂಡಿನೋವು, ಇನ್ನೊಬ್ಬರ ಹಸು, ಮತ್ತೊಬ್ಬರಿಗೆ ರಾತ್ರಿ ನಿದ್ದೆ ಬಂತೋ ಇಲ್ಲವೋ. ಹನ್ನೊಂದು ಜನರಲ್ಲಿ ಇಬ್ಬರು ಎಚ್‌ಐವಿ ಸೋಂಕಿತರು. ಅವರು ನಿನ್ನೆ ಮಾತ್ರೆ ನುಂಗಿದರೇ ಎಂಬುದರ ವಿಚಾರಣೆ ಅಷ್ಟರಲ್ಲೇ ಆಗಿಬಿಟ್ಟಿದೆ. ಆ ಇಬ್ಬರು ಯಾರೆಂದು ಪಕ್ಕದಲ್ಲೇ ನಿಂತಿದ್ದ ನನಗೆ ಗೊತ್ತಾಗಲಿಲ್ಲ.

"ಗೊತ್ತಾಗ್ಬಾರ್ದು ಸಾರ್. ಗೊತ್ತಾದ್ರೆ ನನ್ ಕೆಲ್ಸ ಕೆಟ್ಟಂಗೆ," ಎಂದು ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾರೆ.

ಅಮ್ಮಯಮ್ಮ ಎಂಬುದು ಅವರ ಅಜ್ಜಿಯ ಹೆಸರು. ಪತ್ರಿಕೆಗೆ ಅದನ್ನೇ ಹಾಕಿ, ಫೋಟೊ ಬೇಡ ಎಂದರು. ತನಗೆ ನಾಚಿಕೆಯೇನಿಲ್ಲವಂತೆ. ಆದರೆ ತನ್ನ ಗುಟ್ಟು ಹೊರಬಿದ್ದರೆ ತಾನು ಮಾತಾಡಿಸುವ ನಲವತ್ತೊಂದು ಜನರ ಗುಟ್ಟೂ ಹೊರಬೀಳುತ್ತದೆ. ಬಿಪಿ, ಶುಗರ್ ವಿಚಾರಿಸಲು ಬರುವವರೆಂದು ನಂಬಿರುವ ಹಳ್ಳಿಗಳಲ್ಲಿ ಅವರು 'ಬಿಪಿ ಶುಗರ್ ಅಮ್ಮ' ಎಂದೇ ಪರಿಚಿತರು.

ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡ ಮರುವರ್ಷ ಅವರ ರಕ್ತದಲ್ಲೂ ಸೋಂಕು ಪತ್ತೆಯಾಯಿತು. ಹದಿನೆಂಟು ವರ್ಷದಿಂದ ಮಾತ್ರೆ ತಪ್ಪಿಸಿಲ್ಲ. ಮೊದಲಿನ ಮಾತ್ರೆಗಳ ಕಾಟವನ್ನು ನೆನೆದು ಈಗ ನಗುತ್ತಾರೆ. "ಕಣ್ಮುಚ್ಚಿದ್ರೆ ಸಾಕು, ಕನಸೋ ಕನಸು. ಎದ್ರೆ ತಲೆ ಗಿರ್ ಅಂತಿತ್ತು. ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಿದ್ದೆ." ಈಗ ದಿನಕ್ಕೊಂದೇ ಮಾತ್ರೆ, ಆ ಕಾಟವಿಲ್ಲ. ಹದಿಮೂರು ವರ್ಷದಿಂದ ಒಂದು ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯಾಗಿ ದಿನಕ್ಕೆ ಆರೇಳು ಜನರನ್ನು ಕಂಡು, ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಿ ಬರುತ್ತಾರೆ. ನಡಿಗೆಯಲ್ಲಿ ಡಬ್ಬಿ ಗಲಗಲ ಎನ್ನದಂತೆ ಒಳಗೆ ಹತ್ತಿ ತುರುಕುವುದನ್ನು ಎಲ್ಲರಿಗೂ ಕಲಿಸಿದವರು ಇವರೇ.

ಹೆಸರನ್ನು ಅವರು ಎಲ್ಲೂ ಬರೆಯುತ್ತಿರಲಿಲ್ಲ. ಯಾರಿಗೆ ಎಷ್ಟು ಮಾತ್ರೆ ಉಳಿದಿದೆ, ಯಾರ ಮನೆಯಲ್ಲಿ ಅತ್ತೆಗೆ ಗೊತ್ತಿಲ್ಲ, ಎಲ್ಲವೂ ತಲೆಯಲ್ಲೇ. ಆ ತಲೆಯೇ ಎರಡು ವರ್ಷದ ಹಿಂದೆ ಕೈಕೊಟ್ಟಿತು. ಒಂದು ಮನೆಯಲ್ಲಿ, ಅತ್ತೆ ಎದುರಿಗೇ, "ಮಾತ್ರೆ ತಗೊಂಡ್ಯೇನಮ್ಮ?" ಎಂದು ಸೊಸೆಯನ್ನು ಕೇಳಿಬಿಟ್ಟರು. ಆಕೆ "ರಕ್ತ ಕಮ್ಮಿ ಅಂತ ಕೊಟ್ಟವ್ರೆ ಅತ್ತೆ," ಎಂದು ಅಲ್ಲೇ ಒಂದು ಸುಳ್ಳು ಕಟ್ಟಿ ಪಾರಾದಳು. ಅಮ್ಮಯಮ್ಮ ಅಂದು ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತರಂತೆ.

ಆಮೇಲೆ ಹುಟ್ಟಿದ್ದು ತರಕಾರಿ ಚೀಟಿ. ನಲವತ್ತೊಂದು ಜನರಿಗೂ ಒಂದೊಂದು ತರಕಾರಿ, ಸೊಪ್ಪಿನ ಹೆಸರು. ಮುಂದೆ ಬರೆದ ಅಂಕಿ ಉಳಿದ ಮಾತ್ರೆಗಳದ್ದು. ಅಡ್ಡಗೆರೆ ಎಳೆದಿದ್ದರೆ ಮನೆಯವರಿಗೆ ಗೊತ್ತಿಲ್ಲ ಎಂದರ್ಥ. ಬೇರೆಯವರ ಕೈಗೆ ಸಿಕ್ಕಿದರೂ ಸಂತೆಗೆ ಹೊರಟವರ ಚೀಟಿ. ಈ ಜಾಣತನಕ್ಕೆ ಏಟು ಬಿದ್ದದ್ದು ಮನೆಯಲ್ಲೇ. ಒಂದು ಶುಕ್ರವಾರ ಸೊಸೆ ಸಿಂಧು ಚೀಟಿಯ ಮೊದಲ ಸಾಲು ನೋಡಿ, ಅತ್ತೆಗೆ ಬೇಕಿರಬೇಕು ಎಂದು, ಹೊಸಕೋಟೆಯಿಂದ ಆಟೋದಲ್ಲಿ ಒಂಬತ್ತು ಸೋರೆಕಾಯಿ ಇಳಿಸಿದಳು. "ಬೀದಿಗೆಲ್ಲ ಹಂಚಿದ್ವಿ ಸಾರ್. ಸೋರೆಕಾಯಿ ಕಂಡ್ರೆ ನಮ್ಮನೇಲಿ ಈಗ್ಲೂ ಎದ್ದು ಹೋಗ್ತಾರೆ!"

ನಗು ನಿಂತ ಮೇಲೆ ಅಸಲಿ ಭಯ ಬಾಯಿಗೆ ಬರುತ್ತದೆ. ಮಾತ್ರೆಯೇ ಮಿದುಳನ್ನು ತಿನ್ನುತ್ತದೆಯೇ? ಚೀಟಿ ಹುಟ್ಟುವ ಮೊದಲೇ, ಈ ಮಾತು ಕೇಳಿ ಇವರ ಜನರಲ್ಲೇ ಒಬ್ಬರು ಮಾತ್ರೆ ನಿಲ್ಲಿಸಿ, ಮೂರು ತಿಂಗಳಲ್ಲಿ ಹಾಸಿಗೆ ಹಿಡಿದಿದ್ದರು. ಅವರನ್ನು ಮತ್ತೆ ಮಾತ್ರೆಗೆ ಹಚ್ಚಿ ಎಬ್ಬಿಸಿದವರು ಅಮ್ಮಯಮ್ಮನೇ. ಹಾಗಾಗಿ ಬೆಂಗಳೂರಿನ ಒಂದು ಸಂಶೋಧನಾ ತಂಡ, ಬಹುಕಾಲ ಮಾತ್ರೆ ತೆಗೆದುಕೊಂಡವರ ನೆನಪಿನ ಶಕ್ತಿ ಅಳೆಯಲು ಬಂದಾಗ, ಮೊದಲು ಹೆಸರು ಕೊಟ್ಟವರೂ ಅವರೇ. ತಂಡದ ವೈದ್ಯೆ ಪವಿತ್ರ ಹೇಳುವುದಿಷ್ಟು: "ಸೋಂಕು ತಾನಾಗೇ ಮಿದುಳಿನ ಜೀವಕೋಶಗಳನ್ನು ಬಾಧಿಸುತ್ತದೆ. ಕೆಲವು ಹಳೆಯ ಔಷಧಿಗಳೂ ಸ್ವಲ್ಪ ತೊಂದರೆ ಕೊಟ್ಟಿರಬಹುದು. ಮೇಲೆ ವಯಸ್ಸಿನ ಮರೆವು. ಯಾವುದರ ಪಾಲು ಎಷ್ಟು ಅಂತ ಇನ್ನೂ ಹುಡುಕ್ತಾ ಇದ್ದೇವೆ. ಮಾತ್ರೆ ಬಿಟ್ಟರೆ ಮಾತ್ರ ಅಪಾಯ ಖಂಡಿತ."

ಅಮ್ಮಯಮ್ಮ ಪರೀಕ್ಷೆಗೆ ಹೆದರುತ್ತಲೇ ಹೋದರು. ಅಂಕ ಕಡಿಮೆ ಬಂದವರನ್ನು ಕೆಲಸದಿಂದ ಬಿಡಿಸುತ್ತಾರೆ ಎಂದು ಯಾರೋ ಹೇಳಿದ್ದರು. ಮೊದಲು ಐದು ಪದ ಹೇಳಿ, ಸ್ವಲ್ಪ ಹೊತ್ತಿನ ನಂತರ ಕೇಳಿದರು. ಎರಡೇ ನೆನಪಾದವು. ಆಮೇಲೆ ಡಾಕ್ಟರು ಗಡಿಯಾರ ಹಿಡಿದು, "ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ತರಕಾರಿ ಹೆಸರು ಹೇಳಿ," ಎಂದರು.

ಅಮ್ಮಯಮ್ಮ ಶುರು ಮಾಡಿದರು. ಸೋರೆ, ಹೀರೆ, ಪಡವಲ, ಗೋರಿಕಾಯಿ, ತೊಂಡೆ, ಸೀಮೆಬದನೆ, ನವಿಲುಕೋಸು, ಚಪ್ಪರದವರೆ, ದಂಟು, ಸಬ್ಬಸಿಗೆ... ನಿಮಿಷ ಮುಗಿಯುವಷ್ಟರಲ್ಲಿ ಮೂವತ್ತೇಳು. "ಕಾಲೇಜು ಮಕ್ಕಳೂ ಇಷ್ಟು ಹೇಳಲ್ಲ," ಎಂದು ಪವಿತ್ರ ಬೆರಗಾಗಿ ಅಂಕ ಬರೆದುಕೊಂಡರು. ಕೆಲಸ ಉಳಿಯಿತು ಎಂದು ಸುಮ್ಮನೆ ಎದ್ದು ಬರಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಅವರು ಬಾಗಿಲವರೆಗೆ ಹೋಗಿ ವಾಪಸ್ಸು ಬಂದರು. "ಡಾಕ್ಟ್ರಮ್ಮ, ಅದನ್ನ ಹೊಡೆದಾಕ್ಬಿಡಿ. ಅವು ತರಕಾರಿ ಅಲ್ಲ, ನನ್ ಜನ. ದಿನಾ ಓದ್ತೀನಿ, ಅದಕ್ಕೇ ಬಂತು. ಬೇರೆ ಏನಾರ ಕೇಳಿ."

ಪ್ರಾಣಿಗಳ ಹೆಸರು ಕೇಳಿದರು. ಒಂಬತ್ತೇ ಬಂದವು.

ಅಮ್ಮಯಮ್ಮನ ಒಪ್ಪಿಗೆ ಪಡೆದೇ ಪವಿತ್ರ ಇದನ್ನು ನನಗೆ ಹೇಳಿದರು. ಸುಳ್ಳು ಮೂವತ್ತೇಳಕ್ಕಿಂತ ನಿಜವಾದ ಒಂಬತ್ತು ಅವರ ಅಧ್ಯಯನಕ್ಕೆ ದೊಡ್ಡದು. ಅಂಕವನ್ನು ಯಾರಿಗೂ ತಿಳಿಸುವುದಿಲ್ಲ ಎಂದು ಅವರು ಭರವಸೆ ಕೊಟ್ಟರೂ, ಅಮ್ಮಯಮ್ಮ ಆ ಸಂಜೆಯೇ ಹೋಗಿ ಸಂಸ್ಥೆಯ ಮೇಲ್ವಿಚಾರಕ ಅಂಬರೀಶ್ ಅವರಿಗೆ ತಾವೇ ಹೇಳಿದರು. ಕೆಲಸ ಬಿಡಿಸುವುದಾದರೆ ಈಗಲೇ ಬಿಡಿಸಿ ಎಂದರು. ಅಂಬರೀಶ್ ಕೇಳಿದ್ದು ಒಂದೇ ಪ್ರಶ್ನೆ: "ಚೀಟಿ ಬಂದ ಮೇಲೆ ಯಾರದ್ದಾದ್ರೂ ಮಾತ್ರೆ ತಪ್ಪಿದೆಯಾ ಅಮ್ಮ?" ತಪ್ಪಿರಲಿಲ್ಲ. ಸರಿ, ನಾಳೆ ಡೈರಿ ಹತ್ತಿರ ಹೋಗಿ ಎಂದರು.

ಚೀಟಿಯಲ್ಲಿ ಈಗ ತರಕಾರಿ ಇಲ್ಲ. ಮುಂದಿನ ಪರೀಕ್ಷೆ ಕೆಡಬಾರದೆಂದು ಎಲ್ಲರ ಹೆಸರನ್ನೂ ಬದಲಿಸಿದ್ದಾರೆ. ಈ ಸಲ ಏನಿಟ್ಟಿದ್ದೀರಿ ಎಂದು ನಾನೂ ಕೇಳಿದೆ. ನಕ್ಕು ಚೀಟಿಯನ್ನು ಸೊಂಟದ ಚೀಲಕ್ಕೆ ಸೇರಿಸಿದರು.

ಮುಂದಿನ ಹಳ್ಳಿಯ ಬಸ್ಸು ಬಂತು. ಇಷ್ಟು ಮರೆವಿನಲ್ಲಿ ಮುಂದಿನ ದಿನಗಳ ಬಗ್ಗೆ ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದೆ. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು.

"ಆಯ್ತದೆ ಸಾರ್, ಯಾಕಾಗಲ್ಲ? ಆದ್ರೂ ನಲವತ್ತೊಂದು ಜನಕ್ಕೂ ಅರವತ್ತು ದಾಟ್ಲಿ, ಮರೆವು ಬರ್ಲಿ ಅಂತ ನಾನು ಬೇಡ್ಕೊಳ್ತೀನಿ. ನಮ್ಮೆಜಮಾನ್ರು ಹೋದಾಗ ಮೂವತ್ತೊಂಬತ್ತು. ಆಗ ನಮ್ಮಂಥೋರಿಗೆ ಮರೆವು ಬರೋ ವಯಸ್ಸೇ ಬರ್ತಿರ್ಲಿಲ್ಲ."