ನಿನ್ನೆಯ ನಿಂಬೆಹಣ್ಣು

ಇಂಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಹಮ್ಮದಹನೀಫರ ಹೊಲಿಗೆ ಮಶಿನ್ ರಿಪೇರಿ ಅಂಗಡಿಯಿದೆ. ಅದರ ಮಾಳಿಗೆಯ ಮೇಲಿನ ಕೋಣೆಯಲ್ಲಿ ಕುಳಿತು ಅವರ ಮಗಳು ಕೌಸರ ಹದಿನಾಲ್ಕು ವರ್ಷಗಳಿಂದ ಊರವರಿಗೆ ವೆಬ್‌ಸೈಟ್ ಮಾಡಿಕೊಡುತ್ತ ಬಂದಿದ್ದಾಳೆ. ವಿಜಯಪುರದಲ್ಲಿ ಬಿಸಿಎ ಮುಗಿಸಿ ಬಂದವಳು ಮೊದಲು ಟೈಪಿಂಗ್ ಕಲಿಸಿದಳು. ಆಮೇಲೆ ಮಂದಿಗೆ ಪಹಣಿ, ಹಾಲ್‌ಟಿಕೆಟ್ ತೆಗೆದುಕೊಟ್ಟಳು. ಒಂದು ಮದುವೆ ಹಾಲಿನ ಸೈಟ್ ಮಾಡಿಕೊಟ್ಟ ಮೇಲೆ ಅದೇ ಕಸುಬಾಯಿತು. ಗಂಡ ಫಯಾಜ ಬಸವನ ಬಾಗೇವಾಡಿಯಲ್ಲಿ ಗಣಿತ ಮಾಸ್ತರ. ಆತ ಬೆಳಿಗ್ಗೆ ಬಸ್ಸು ಹತ್ತಿದ ಮೇಲೆ ಈಕೆ ಮೇಲಿನ ಕೋಣೆಯ ಬಾಗಿಲು ತೆರೆಯುತ್ತಾಳೆ.

ಎರಡು ವರ್ಷದ ಹಿಂದೆ ನಿಂಬೆ ಬೆಳೆಗಾರರ ಸಂಘವೊಂದಕ್ಕೆ ಅವಳು ಸೈಟ್ ಮಾಡಿಕೊಟ್ಟಿದ್ದಳು. ಸಂಘದ ಶೆಡ್ಡಿನಲ್ಲಿ ಹಣ್ಣು ಆರಿಸುವ ಕಾವೇರಿ ದಿನಾ ಬೆಳಿಗ್ಗೆ ಅಂದಿನ ಹಣ್ಣಿನ ಟ್ರೇ ಫೋಟೋ ತೆಗೆದು ಕಳಿಸುತ್ತಾಳೆ. ಕೌಸರ ಅದನ್ನು ಸೈಟಿಗೆ ಹಾಕುತ್ತಾಳೆ. ಮಸ್ಕತ್, ದುಬೈ, ದೋಹಾದ ವ್ಯಾಪಾರಿಗಳು ಅದನ್ನು ನೋಡಿ ಹಣ್ಣಿಗೆ ಆರ್ಡರ್ ಹೇಳುತ್ತಾರೆ. ಕಾಗದದಂಥ ತೆಳು ಸಿಪ್ಪೆಯ ಈ ನಿಂಬೆಗೆ ಅಲ್ಲಿ ಬೇಡಿಕೆ ಬಂದಿತ್ತು. ಆದರೆ ಸೈಟ್ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ ಎಂಬ ದೂರೂ ಬರತೊಡಗಿತು.

ಸಂಘದ ಅಧ್ಯಕ್ಷ ಕಾಳಪ್ಪ ಒಂದು ದಿನ ಮಾಳಿಗೆ ಹತ್ತಿ ಬಂದ. ಏದುಸಿರು ಬಿಡುತ್ತಲೇ ಕೇಳಿದ.

"ನಮ್ಮ ಫೋನಿನ್ಯಾಗ ಪಟ್ಟನ ತಗೀತೈತಲ್ಲವಾ. ಅವರಿಗ್ಯಾಕ ತ್ರಾಸು?"

"ನೀವು ಮುಂಜಾನೆ ಒಮ್ಮೆ ನೋಡಿದ ಫೋಟೋ ನಿಮ್ಮ ಫೋನು ಸಂಜಿತನಾ ತನ್ನ ಹಂತೇಕನ ಇಟಗೊಂಡಿರತೈತ್ರಿ ಕಾಕಾ. ಅವರು ದಿನಾ ಹೊಸಾದನ್ನ ದೂರದಿಂದ ತರಿಸ್ಕೋಬೇಕು. ನಮ್ಮ ಸೈಟ್ ಇರೋ ಸರ್ವರ್ ಅಮೆರಿಕಾದಾಗ ಐತಿ. ಮಸ್ಕತ್ತಿನಾವ ಒತ್ತಿದ್ರ ಅಲ್ಲಿತನಾ ಹೋಗಿ ಬರಬೇಕು."

"ಅದಕ್ಕೇನು ದಾರಿ?"

"ಜಗತ್ತಿನ ಊರೂರಾಗ ಫೋಟೋದ ನಕಲು ಇಟ್ಟು, ಕೇಳಿದವರಿಗೆ ಹತ್ತಿರದ್ದನ್ನ ಕೊಡೋ ಕಂಪನಿ ಅದಾವ್ರಿ. ಸಿಡಿಎನ್ ಅಂತಾರ. ಮೂರು ಕಂಪನಿ ಪರೀಕ್ಷಾ ಮಾಡಿ ಹೇಳ್ತೇನಿ. ಒಂದೊಂದಕ್ಕ ಒಂದು ವಾರ ಕೊಡ್ರಿ."

ಮೂರೂ ಕಂಪನಿಯವರು ಚಂದದ ಗ್ರಾಫುಗಳನ್ನು ಕಳಿಸಿದರು. ಮೂರರಲ್ಲೂ ಅವರವರೇ ಮುಂದಿದ್ದರು. ಕೌಸರ ಅವನ್ನು ಬದಿಗಿಟ್ಟಳು. ಹೊಲಿಯುವ ಅರಿವೆ ಯಾವುದೆಂದು ಕೇಳದೆ ಅವಳ ಅಪ್ಪ ಎಂದೂ ಮಶಿನ್ ಬಿಚ್ಚಿದವರಲ್ಲ. ಅದನ್ನು ನೋಡುತ್ತ ಬೆಳೆದವಳು, ತನ್ನ ಸೈಟನ್ನು ನಿಜವಾಗಿ ತೆರೆಯುವವರು ಯಾರು, ಯಾವ ಫೋನಿನಲ್ಲಿ, ಎಷ್ಟು ಹೊತ್ತಿಗೆ ಎಂದು ಮೊದಲು ಬರೆದುಕೊಂಡಳು. ಮಸ್ಕತ್ತಿನ ತರಕಾರಿ ಮಾರುಕಟ್ಟೆಯಲ್ಲಿ ದುಡಿಯುವ, ದೂರದ ಸಂಬಂಧದ ತಮ್ಮ ಜಾಹಿದ ಸಿಕ್ಕ. ದೋಹಾದಲ್ಲಿ ಒಬ್ಬ ಅಂಗಡಿಯವ, ದುಬೈಯಲ್ಲಿ ಒಬ್ಬ ಗುಮಾಸ್ತ ಒಪ್ಪಿಕೊಂಡರು. ದಿನಾ ಒಂದೇ ಹೊತ್ತಿಗೆ ಸೈಟ್ ತೆರೆದು, ಕೊನೆಯ ಫೋಟೋ ಕಾಣಲು ಎಷ್ಟು ಸೆಕೆಂಡು ಹಿಡಿಯಿತೆಂದು ತಿಳಿಸುವುದು ಅವರ ಕೆಲಸ.

ಮೊದಲ ಕಂಪನಿಯ ವಾರ ಶುರುವಾಯಿತು. ಹದಿಮೂರು ಸೆಕೆಂಡು ಹಿಡಿಯುತ್ತಿದ್ದ ಸೈಟ್ ಎರಡು ಸೆಕೆಂಡಿಗೆ ತೆರೆಯತೊಡಗಿತು. ಕಾಳಪ್ಪ ಖುಷಿಯಾಗಿ, ಉಳಿದೆರಡನ್ನು ನೋಡುವುದೇ ಬೇಡ ಎಂದ. ಐದನೆಯ ದಿನ ಜಾಹಿದನ ಫೋನ್ ಬಂತು.

"ಆಪಾ, ನಿನ್ನಿ ಹಣ್ಣ ಇವತ್ತೂ ಕಾಣಾಕತ್ತಾವ ನೋಡ್ರಿ. ಟ್ರೇದ ಮೂಲ್ಯಾಗ ಎರಡು ಕೂಡಿದ ಒಂದು ಹಣ್ಣು ಇತ್ತಲ್ಲ, ಅದ ಐತಿ."

ಕೌಸರ ನೋಡಿದಳು. ಅವಳ ಕಂಪ್ಯೂಟರಿನಲ್ಲಿ ಇಂದಿನ ಹಣ್ಣೇ ಇತ್ತು. ಅಷ್ಟರಲ್ಲಿ ದುಬೈಯ ವ್ಯಾಪಾರಿಯೊಬ್ಬ ಹಳೆಯ ಫೋಟೋ ನೋಡಿಯೇ ಆರ್ಡರ್ ಹೇಳಿಬಿಟ್ಟಿದ್ದ. ಆ ಹಣ್ಣು ಹಿಂದಿನ ದಿನವೇ ಸೊಲ್ಲಾಪುರಕ್ಕೆ ಹೋಗಿತ್ತು. ಇವತ್ತಿನದು ಮಳೆಗೆ ಸಿಕ್ಕು ಚುಕ್ಕೆ ಬಿದ್ದ ಹಣ್ಣು. ಕಾಳಪ್ಪ ಆತನಿಗೆ ಫೋನು ಮಾಡಿ, ಇದ್ದದ್ದನ್ನು ಹೇಳಿ, ಆ ವಾರ ಹಣ್ಣು ಕಳಿಸುವುದಿಲ್ಲ ಎಂದ. ವ್ಯಾಪಾರಿ ಮಾತು ಬೆಳೆಸದೆ ಫೋನಿಟ್ಟ. ಅದೇ ಸಂಜೆ ಸಂಘದ ಸಭೆಯಲ್ಲಿ ಕೌಸರ, ಮೊದಲ ಕಂಪನಿ ಹಳೆಯ ನಕಲನ್ನೇ ಕೊಡುತ್ತದೆ, ಅದು ಬೇಡ ಎಂದಳು. ಎಲ್ಲರೂ ತಲೆಯಾಡಿಸಿದರು. ಕಂಪನಿಗೂ ಅವಳು ಸಿಟ್ಟಿನಿಂದಲೇ ಬರೆದಳು.

ಎರಡನೆಯ ಕಂಪನಿಯ ವಾರದ ಮೂರನೆಯ ದಿನ, ಮತ್ತೆ ಹಳೆಯ ಫೋಟೋ. ಈ ಸಲ ದೋಹಾದಲ್ಲಿ.

ಅವಳು ಉಳಿದ ಕೆಲಸ ಬದಿಗಿಟ್ಟಳು. ಕೆಳಗೆ ಅಪ್ಪ ಯಾವುದೋ ಮಶಿನ್ನಿನ ಗಾಲಿ ತಿರುಗಿಸುತ್ತಿದ್ದ ಸದ್ದು ಬರುತ್ತಿತ್ತು. ತಾನೇ ಬರೆದದ್ದನ್ನು ಒಂದೊಂದೇ ಸಾಲು ಓದುತ್ತ ಹೋದಳು. ತಪ್ಪು ಸಿಕ್ಕಿತು. ದಿನದಿನದ ಫೋಟೋಕ್ಕೂ ಅವಳು ಒಂದೇ ಹೆಸರಿಟ್ಟಿದ್ದಳು, 'ಇಂದಿನ ಹಣ್ಣು'. ಹೆಸರು ಅದೇ ಇದ್ದುದರಿಂದ, ದೂರದ ಊರಿನ ನಕಲು ಕೆಲವು ದಿನ ಒಳಗಿನ ಹಣ್ಣು ಬದಲಾದದ್ದನ್ನು ತಿಳಿಯುತ್ತಲೇ ಇರಲಿಲ್ಲ. ಸರ್ವರ್ ಒಂದೇ ಇದ್ದಾಗ ಈ ತಪ್ಪು ಯಾರಿಗೂ ಕಂಡಿರಲಿಲ್ಲ. ಕಂಪನಿಯದೇ ತಪ್ಪೆಂದು ಹತ್ತು ಮಂದಿಯ ಮುಂದೆ ಹೇಳಿ ಆಗಿತ್ತು.

ಅಂದು ಫಯಾಜ ಬಂದಾಗ ಹೇಳಿದಳು. ಆತ ಚಹಾದ ಲೋಟ ಕೆಳಗಿಟ್ಟ.

"ಹೆಸರು ಬದಲ ಮಾಡಿದ್ರ ಸರಿ ಹೋಗತೈತಿ, ಅಲ್ಲ?" ಎಂದು ಕೇಳಿದ.

"ಹೋಗತೈತ್ರಿ. ಯಾರಿಗೂ ಗೊತ್ತಾಗಂಗಿಲ್ಲ."

"ಮತ್ತ ಯಾಕ ಸಪ್ಪಗ ಕುಂತಿ?"

"ಮೊದಲನೇದು ಛಲೋ ಇತ್ತು. ಸುಳ್ಳ ಹೆಸರು ಕೆಡಿಸಿ ತಗದ ಹಾಕೇನಿ."

"ಹಂಗಾದ್ರ ನಾಳೆ ಹೋಗಿ ಹೇಳು" ಎಂದ ಫಯಾಜ.

ಮರುದಿನ ಶೆಡ್ಡಿಗೆ ಹೋದಾಗ ಕಾಳಪ್ಪ, ಹಣ್ಣು ಹೊರಗೆ ಕಳಿಸುವ ಕೆಲಸ ನೋಡಿಕೊಳ್ಳುವ ಬಾಬುಲಾಲ, ಇನ್ನೂ ನಾಲ್ಕೈದು ಮಂದಿ ಇದ್ದರು. ಕೌಸರ ನಿಂತೇ ಹೇಳಿದಳು. ತಪ್ಪು ತನ್ನದೆಂದಳು. ಮೂರೂ ಕಂಪನಿಗಳನ್ನು ಮೊದಲಿನಿಂದ ಪರೀಕ್ಷಿಸಬೇಕು, ಇನ್ನೂ ಮೂರು ವಾರ ಬೇಕು ಎಂದಳು.

ಬಾಬುಲಾಲ ಕೈಯಾಡಿಸಿದ. "ಮುಗದ ಹೋದದ್ದು ಬಿಡವಾ. ಮೂರನೇದನ್ನ ಹಚ್ಚಿಬಿಡು, ನಡೀತೈತಿ."

"ಅದು ದೋಹಾದಾಗ ಹೆಂಗೈತೋ ನಾ ನೋಡಿಲ್ರಿ ಅಣ್ಣಾ. ನೋಡದ ಹಚ್ಚಂಗಿಲ್ಲ."

ಕಾಳಪ್ಪ ಒಂದು ನಿಂಬೆಹಣ್ಣನ್ನು ಕೈಯಲ್ಲಿ ತಿರುಗಿಸುತ್ತ ಅವಳನ್ನೇ ನೋಡಿದ. "ನೀ ಹೇಳದಿದ್ರ ನಮಗ್ಯಾರಿಗೂ ತಿಳೀತಿದ್ದಿಲ್ಲ. ಮೂರು ವಾರ ತಗೋ" ಎಂದ.

ಅವಳು ಅಂದಿನಿಂದ ಫೋಟೋದ ಹೆಸರಿನಲ್ಲೇ ತಾರೀಖು, ವೇಳೆ ಸೇರಿಸತೊಡಗಿದಳು. ಬೇಗ ತೆರೆಯಲೆಂದು ಕಾವೇರಿಯ ಫೋಟೋ ಫೈಲುಗಳ ಗಾತ್ರವನ್ನೂ ಇಳಿಸಿದಳು. ಮೊದಲ ಕಂಪನಿಗೆ ಕ್ಷಮೆ ಕೇಳಿ ಪತ್ರ ಬರೆದಳು. ಅಲ್ಲಿಂದ ಒಬ್ಬ ಹೆಣ್ಣುಮಗಳು, ಪಲ್ಲವಿ ಎಂಬಾಕೆ, ಕನ್ನಡದಲ್ಲೇ ಉತ್ತರ ಬರೆದಳು. ಹಿಂದಿನ ಸಿಟ್ಟಿನ ಪತ್ರದ ಬಗ್ಗೆ ಆಕೆ ಒಂದು ಮಾತನ್ನೂ ಎತ್ತಿರಲಿಲ್ಲ.

ಮೂರು ವಾರವಾದ ಮೇಲೆ ಲೆಕ್ಕ ಸ್ಪಷ್ಟವಾಯಿತು. ಎರಡನೆಯದು ದುಬೈಯಲ್ಲಿ ಬಲು ಜೋರು, ಆದರೆ ಮಸ್ಕತ್ತಿನವರಿಗೆ ಫೋಟೋವನ್ನು ಯುರೋಪ್ ಸುತ್ತಿಸಿ ತರುತ್ತಿತ್ತು. ಮೂರನೆಯದು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರಲಿಲ್ಲ. ಮೊದಲನೆಯದು ಮೂರೂ ಕಡೆ ಎರಡು ಸೆಕೆಂಡಿನ ಆಚೀಚೆ. ಸಂಘ ಅದನ್ನೇ ಒಪ್ಪಿತು. ದುಬೈಯ ವ್ಯಾಪಾರಿ ಎರಡು ತಿಂಗಳು ಸುಮ್ಮನಿದ್ದು, ಮೊದಲು ಸಣ್ಣದೊಂದು ಪಾರ್ಸೆಲ್ ತರಿಸಿಕೊಂಡ, ಆಮೇಲೆ ಮೊದಲಿನಂತೆ ಕೊಳ್ಳತೊಡಗಿದ.

ಈಗ ಕೌಸರ ವಾರಕ್ಕೊಮ್ಮೆ ಶೆಡ್ಡಿಗೆ ಹೋಗುತ್ತಾಳೆ. ಮೊನ್ನೆ ಬೆಳಿಗ್ಗೆ ಕಾವೇರಿ ಅಂದಿನ ಫೋಟೋ ತೆಗೆದು, ತನ್ನ ಫೋಟೋ ಯಾರು ನೋಡುತ್ತಾರೆಂದು ತೋರಿಸು ಎಂದಳು. ಕೌಸರ ಲ್ಯಾಪ್‌ಟಾಪಿನಲ್ಲಿ ಭೂಪಟ ತೆರೆದಳು. ಕೊಲ್ಲಿಯ ಊರುಗಳ ಮೇಲೆ ಚುಕ್ಕೆಗಳಿದ್ದವು. ಬಲಕ್ಕೆ, ಬಹಳ ದೂರದಲ್ಲಿ, ಇನ್ನೊಂದು.

"ಇದ್ಯಾವೂರು?"

"ಮಲೇಶಿಯಾ. ಯಾರೋ ಗೊತ್ತಿಲ್ಲ, ಈ ವಾರನ ಬಂದಾರ."

"ಅಲ್ಲಿ ಈಗ ಎಷ್ಟೊತ್ತಾಗೈತಿ?"

"ಮುಂಜಾನೆ ಹನ್ನೊಂದೂವರಿ."

ಕಾವೇರಿ ಸೆರಗಿಗೆ ಕೈ ಒರೆಸಿಕೊಂಡಳು. ಟ್ರೇದಲ್ಲಿ ತೊಟ್ಟು ಮೇಲಾಗಿದ್ದ ಹಣ್ಣುಗಳನ್ನು ಒಂದೊಂದಾಗಿ ಸರಿಯಾಗಿ ತಿರುವಿಟ್ಟು, ಇನ್ನೊಂದು ಫೋಟೋ ತೆಗೆದಳು.