ಮೂವತ್ತು ಮೀಟರ್ ಇಳಿದರೆ ಗುಡ್ಡ

ತೊಂಬತ್ತರ ದಶಕದ ಕೊನೆಯಲ್ಲಿ, ನನ್ನ ಮೊದಲ ಬಸಿರು ಆರು ತಿಂಗಳು ತುಂಬುವ ಮುಂಚೆಯೇ ಹೋಯಿತು. ಹೆಣ್ಣು. ಹಾಲೆಂಡಿನ ವಾಗೆನಿಂಗನ್‌ನ ಬಾಡಿಗೆ ಮನೆಯಲ್ಲಿ ನಾನು ಮಲಗಿದ್ದಾಗ ಗಂಡ ನೋಂದಣಿ ಕಚೇರಿಗೆ ಹೋಗಿ ಬಂದರು. ವಾರಗಳು ಸಾಲವು, ಮಗು ಉಸಿರಾಡಿಲ್ಲ, ಆದ್ದರಿಂದ ಬರೆದುಕೊಳ್ಳಬೇಕಾದ್ದಿಲ್ಲ ಎಂದು ಅಲ್ಲಿಯಾಕೆ ಮೆತ್ತಗೆ ಹೇಳಿದಳಂತೆ. ಧಾರವಾಡದಿಂದ ಅತ್ತೆ ಫೋನಿನಲ್ಲಿ, "ಅದನ್ನ ಲೆಕ್ಕಕ್ಕ ಹಿಡೀಬ್ಯಾಡವಾ, ಮುಂದ ಛಲೋ ಆಗ್ತದ," ಅಂದರು. ಇಬ್ಬರೂ ಒಳ್ಳೆಯ ಮನಸ್ಸಿನವರೇ. ನನಗೆ ಗೊತ್ತಾಗಬೇಕಿದ್ದುದು ಒಂದೇ: ನಾನು ತಾಯಿಯಾಗಿದ್ದೆನೋ ಇಲ್ಲವೋ. ಯಾರನ್ನು ಕೇಳಬೇಕೆಂದು ತಿಳಿಯಲಿಲ್ಲ. ಅಳು ಬರಲಿಲ್ಲ. ಅಳು ಬಾರದ್ದಕ್ಕೆ ಹೆದರಿಕೆಯಾಗಬೇಕಿತ್ತು, ಅದೂ ಆಗಲಿಲ್ಲ.

ರಜೆ ಮುಗಿಸಿ ಕೆಲಸಕ್ಕೆ ಹೋದೆ. ವಿಮಾನದಿಂದ ನೆಲಕ್ಕೆ ಲೇಸರ್ ಬಿಟ್ಟು ಅಳೆದ ಎತ್ತರಗಳನ್ನು ಕಂಪ್ಯೂಟರಿನಲ್ಲಿ ಸೋಸುವುದು ನನ್ನ ಕೆಲಸ. ನೆಲ ಯಾವುದು, ಮನೆಯ ಮಾಡು ಯಾವುದು, ಮರದ ತುದಿ ಯಾವುದು ಎಂದು ಲೇಸರಿಗೆ ತಿಳಿಯುವುದಿಲ್ಲ. ಸಿಕ್ಕಿದ್ದನ್ನೆಲ್ಲ ಅಳೆದುಕೊಂಡು ಬರುತ್ತದೆ. ನೆಲವಲ್ಲದ್ದನ್ನು ಕಿತ್ತುಹಾಕುವ ಪ್ರೋಗ್ರಾಮ್ ನಮ್ಮಲ್ಲಿತ್ತು.

ಪಕ್ಕದ ಮೇಜಿನಲ್ಲಿ ವೇಲ್ಸ್‌ನಿಂದ ಬಂದ ಹಿರಿಯರೊಬ್ಬರು ಕೂರುತ್ತಿದ್ದರು. ಡಚ್ ಹೆಂಡತಿಯನ್ನು ಕಟ್ಟಿಕೊಂಡು ಈ ಸಪಾಟು ನಾಡಿನಲ್ಲಿ ಸಂಸಾರ ಹೂಡಿದ್ದರೂ, ರಜೆ ಸಿಕ್ಕಿತೆಂದರೆ ತಮ್ಮ ಸೀಮೆಯ ಗುಡ್ಡ ಹತ್ತಲು ಹೊರಡುವರು. ದೊಡ್ಡ ಬೆಟ್ಟಗಳ ಸುದ್ದಿಗೇ ಹೋಗುವವರಲ್ಲ, ಚಿಕ್ಕವೇ ಬೇಕು. ಅವರದೂ ಅವರ ಗೆಳೆಯರದೂ ಒಂದು ನಿಯಮವಿತ್ತು. ಒಂದು ಗುಡ್ಡದ ನೆತ್ತಿಯಿಂದ ಅದಕ್ಕಿಂತ ಎತ್ತರದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಕನಿಷ್ಠ ಮೂವತ್ತು ಮೀಟರ್ ಇಳಿಯಲೇಬೇಕು. ಹಾಗಿದ್ದರೆ ಅದು ಸ್ವಂತ ಗುಡ್ಡ. ಇಲ್ಲದಿದ್ದರೆ ಪಕ್ಕದ ಗುಡ್ಡದ ಭುಜ. ಹಳೆಯ ನಕ್ಷೆಗಳಲ್ಲಿ ಎತ್ತರ ತೋರಿಸುವ ಗೆರೆ ನೋಡಿ ವರ್ಷಗಟ್ಟಲೆ ವಾದ ಮಾಡಿದ್ದರಂತೆ. ಈಗ ಆ ಸೀಮೆಯ ಹೊಸ ಲೇಸರ್ ಅಳತೆ ಪರೀಕ್ಷೆಗೆಂದು ನಮ್ಮಲ್ಲಿಗೆ ಬಂದಿತ್ತು. ಯಾವುದು ಗುಡ್ಡ, ಯಾವುದು ಅಲ್ಲ, ವಿಂಗಡಿಸಿಕೊಡುತ್ತೀಯಾ ಎಂದು ನನ್ನನ್ನು ಕೇಳಿದರು. ಇದು ಕೆಲಸವೋ ಕನಿಕರವೋ ಎಂದು ಸಂಶಯ ಬಂದು ಸಿಟ್ಟಾಯಿತು. ಊಟದ ಹೊತ್ತಿಗೆ ಆ ಸಿಟ್ಟೂ ಆರಿಹೋಯಿತು.

ಪ್ರೋಗ್ರಾಮ್ ಓಡಿಸಿದೆ. ಪರದೆಯ ಮೇಲೆ ವೇಲ್ಸ್ ರೊಟ್ಟಿ ತಟ್ಟಿದ ಹಾಗೆ ಬಂತು. ನಮ್ಮ ಪ್ರೋಗ್ರಾಮ್ ಹಾಲೆಂಡಿನ ನೆಲ ನೋಡಿ ಬೆಳೆದದ್ದು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಎದ್ದರೆ ಅದು ನೆಲವಲ್ಲ ಎಂಬುದು ಅದರ ನಂಬಿಕೆ. ಚೂಪಾದ ಗುಡ್ಡಗಳ ನೆತ್ತಿಗಳನ್ನೆಲ್ಲ ಮನೆಯ ಮಾಡುಗಳೆಂದು ತಿಳಿದು ಬೋಳಿಸಿಬಿಟ್ಟಿತ್ತು. ನಮ್ಮ ಡಚ್ ಮೇಲಧಿಕಾರಿ ಬಂದು ನೋಡಿ, ಚೆನ್ನಾಗಿಯೇ ಬಂದಿದೆಯಲ್ಲ ಎಂದರು. ಹಿಂದೆ ಕಾಫಿ ಹಿಡಿದು ನಿಂತಿದ್ದ ಹಿರಿಯರು, "ನನ್ನ ನಾಡನ್ನೂ ಸಮ ಮಾಡಿಬಿಟ್ಟಿರಿ," ಎಂದರು. ಎಲ್ಲರೂ ನಕ್ಕರು. ನಾನೂ ಬಾಯಿ ಅಗಲಿಸಿದೆ.

ಮಿತಿ ಸಡಿಲಿಸಿ ಮತ್ತೆ ಓಡಿಸಿದಾಗ ಗುಡ್ಡಗಳು ಒಂದೊಂದಾಗಿ ತಲೆ ಎತ್ತಿದವು. ಹೌದು, ಅಲ್ಲ, ಅಲ್ಲ, ಹೌದು ಎಂದು ಗುರುತು ಹಾಕುತ್ತ ಹೋದೆ. ಏನೂ ಅನಿಸದವಳಿಗೆ ಹೇಳಿ ಮಾಡಿಸಿದ ಕೆಲಸ. ಆಮೇಲೆ ಹಿರಿಯರ ಊರಿನ ಗುಡ್ಡ ಬಂತು, ಅವರು ಓದಿದ ಶಾಲೆಯ ಹಿಂದಿನದು. ನಕ್ಷೆ ತೋರಿಸಿದ್ದಕ್ಕಿಂತ ಅದರ ಪಕ್ಕದ ತಗ್ಗು ಮೇಲಿತ್ತು. ಮೂವತ್ತು ಮೀಟರಿನ ಇಳಿತ ಒಂದಾಳಿನ ಎತ್ತರದಷ್ಟೂ ಅಲ್ಲ, ಇನ್ನೂ ಕಡಿಮೆಯಲ್ಲಿ ತಪ್ಪಿಹೋಯಿತು. ಅವರನ್ನು ಕರೆದು, "ಇದು ಲೆಕ್ಕಕ್ಕೆ ಬರುವುದಿಲ್ಲ," ಎಂದ ಮೇಲೆ ಅತ್ತೆ ಫೋನಿನಲ್ಲಿ ಅಂದದ್ದು ನೆನಪಾಯಿತು. ಆ ಮಾತನ್ನು ನಾನೇ ಇನ್ನೊಬ್ಬರಿಗೆ ಹೇಳುತ್ತಿದ್ದೆ.

ಅವರು ಬಗ್ಗಿ ಪರದೆಯ ಮೇಲಿನ ಅಂಕಿ ಓದಿದರು. ಬೇಸರವಾಯಿತೇ ಎಂದು ಕೇಳಿದೆ.

"ಆಗದೆ ಏನು? ಆದರೆ ನಿಯಮ ನಾವೇ ಮಾಡಿದ್ದು, ಪಟ್ಟಿಯಿಂದ ತೆಗೆಯಲೇಬೇಕು," ಎಂದರು. "ಗುಡ್ಡಕ್ಕೆ ಊರಿನವರು ಇಟ್ಟ ಹೆಸರಿದೆ. ಅದು ನಾವು ಕೊಟ್ಟದ್ದಲ್ಲ, ನಾವು ಕಿತ್ತುಕೊಳ್ಳುವುದಕ್ಕೂ ಆಗುವುದಿಲ್ಲ."

ಅವರಿಗೆ ನನ್ನ ಸಂಗತಿ ಎಷ್ಟು ಗೊತ್ತಿತ್ತೋ ನಾನು ಕೇಳಲಿಲ್ಲ. ಸೈಕಲ್ ತುಳಿದು ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಕೋಟು ಕೂಡ ತೆಗೆಯದೆ ಹೇಳಿದೆ.

"ಆಕೀಗೆ ಒಂದು ಹೆಸರು ಇಡೋಣ್ರಿ."

ಯಾರಿಗೆ ಎಂದು ಅವರು ಕೇಳಲಿಲ್ಲ. "ನಾ ಇಟ್ಟೇನಿ," ಅಂದರು.

"ಯಾವಾಗ?"

"ನೀ ದವಾಖಾನ್ಯಾಗ ಮಲಗಿದ್ದಾಗ. ಹೇಳಿದ್ರ ನೀ ತಡಕೊಳ್ಳೂದಿಲ್ಲ ಅಂತ ಸುಮ್ಮನಿದ್ದೆ."

ಆಮೇಲೆ ಹೆಸರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅಜ್ಜಿಯರ ಕಾಲದ ಉದ್ದನೆಯ ಹೆಸರು, ನಾನಾಗಿದ್ದರೆ ಖಂಡಿತ ಆರಿಸುತ್ತಿರಲಿಲ್ಲ.

"ಇದಕ್ಕಿಂತ ಛಲೋ ಹೆಸರು ಸಿಗಲಿಲ್ಲೇನು ನಿಮಗ? ನನ್ನ ಒಂದು ಮಾತು ಕೇಳಬಾರದಿತ್ತೇನು?"

"ಛಲೋನ ಐತಿ. ಏನಾಗೇತಿ ಅದಕ್ಕ?"

ನಾನು ದನಿ ಏರಿಸಿದೆ, ಅವರು ಚಾಕು ಕೆಳಗಿಟ್ಟು ದನಿ ಏರಿಸಿದರು. ಅದರ ನಡುವೆಯೇ ನನಗೆ ಅಳು ಬಂತು, ಅಳುತ್ತಲೇ ನನಗೆ ಬೇಕಾದ ಹೆಸರು ಹೇಳಿದೆ, ಅವರು ಒಪ್ಪಲಿಲ್ಲ. ಎಲ್ಲ ಮನೆಗಳಲ್ಲಿ ತಂದೆತಾಯಿ ಜಗಳಾಡುವ ಹಾಗೆಯೇ ಅವತ್ತು ನಾವು ಮಗಳ ಹೆಸರಿಗಾಗಿ ಜಗಳಾಡಿದೆವು.